ಸಹೃದಯ ಅಂದರೆ ಒಳ್ಳೆಯ ಮನಸ್ಸಿನವರು ಅಂತಷ್ಟೇನಾ?

‘ಸಹೃದಯ ಬಂಧುಗಳೇ’ ಅಂತ ಭಾಷಣ ಶುರುವಾಗುವುದನ್ನು ನಾವೆಲ್ಲ ಕೇಳಿದ್ದೇವೆ. ಅಲ್ಲಿ ಅರ್ಥ ಇಷ್ಟೇ, ಒಳ್ಳೆಯ ಮನಸ್ಸಿನವರು. ಕಾವ್ಯದ ಮಾತಿಗೆ ಬಂದರೆ ಈ ಪದದ ತೂಕವೇ ಬೇರೆ. ಕವಿತೆಯೋ ನಾಟಕವೋ ಎದುರಿಗೆ ಬಂದಾಗ ಅದಕ್ಕೆ ಮಿಡಿಯಬಲ್ಲವರು ಸಹೃದಯರು.

ಕಾಶ್ಮೀರದ ಆನಂದವರ್ಧನ 9ನೇ ಶತಮಾನದಲ್ಲಿ ಕಾವ್ಯದ ಬಗ್ಗೆ ಧ್ವನ್ಯಾಲೋಕ ಅನ್ನುವ ಸಂಸ್ಕೃತ ಗ್ರಂಥ ಬರೆದ. ಸಹೃದಯರ ಮನಸ್ಸಿನ ಸಂತೋಷಕ್ಕೆ ಇದನ್ನು ಹೇಳುತ್ತಿದ್ದೇನೆ ಅಂತ ಅದರ ಮೊದಲ ಕಾರಿಕೆಯಲ್ಲೇ, ಅಂದರೆ ಮೊದಲ ಪದ್ಯದಲ್ಲೇ, ಇದೆ. ಸರಿ, ಹಾಗಂದರೆ ಯಾರು? ಮುಂದೆ ಅದೇ ಕಾಶ್ಮೀರದ ಅಭಿನವಗುಪ್ತ ಅದಕ್ಕೆ ವ್ಯಾಖ್ಯಾನ ಬರೆಯುವಾಗ ಬಿಡಿಸಿ ಹೇಳಿದ: ಕಾವ್ಯವನ್ನು ಮತ್ತೆ ಮತ್ತೆ ಓದಿ ಯಾರ ಮನಸ್ಸೆಂಬ ಕನ್ನಡಿ ತಿಳಿಯಾಗಿದೆಯೋ, ಕವಿ ಬಣ್ಣಿಸಿದ್ದರಲ್ಲಿ ಯಾರು ಕರಗಿ ಒಂದಾಗಬಲ್ಲರೋ, ಅವರು. ಇಲ್ಲಿ ಕನ್ನಡಿ ಅಂದರೆ ನಮ್ಮ ಮನೆಯ ಗಾಜಿನ ಕನ್ನಡಿ ಅಂದುಕೊಳ್ಳಬೇಡಿ. ಆಗಿನದು ಲೋಹದ್ದು. ಉಜ್ಜದೆ ಬಿಟ್ಟರೆ ಮಂಕಾಗುತ್ತದೆ. ಕೇರಳದ ಆರನ್ಮುಳದಲ್ಲಿ ಇವತ್ತಿಗೂ ಲೋಹದ ಕನ್ನಡಿ ಮಾಡುತ್ತಾರೆ, ಅದರ ಹೊಳಪೆಲ್ಲ ಬರುವುದು ಉಜ್ಜಿ ಉಜ್ಜಿಯೇ.

ನನಗೆ ಇದು ಅರ್ಥವಾದದ್ದು ಯಕ್ಷಗಾನದ ಮಾತಿನ ರೂಪವಾದ ತಾಳಮದ್ದಲೆಯಲ್ಲಿ. ಮೊದಲ ಸಲ ಹೋದಾಗ ಬೇಸರವೇ ಬಂದಿತ್ತು. ವೇಷ ಇಲ್ಲ, ಕುಣಿತ ಇಲ್ಲ. ಭಾಗವತರು ಪದ ಹಾಡುತ್ತಾರೆ, ಪಾತ್ರಗಳಾಗಿ ಮಾತಾಡುವ ಅರ್ಥಧಾರಿಗಳು ಕೂತಲ್ಲೇ ಮಾತಾಡುತ್ತಾರೆ. ವಾಲಿವಧೆ ಪ್ರಸಂಗ. ರಾಮ ಮರೆಯಲ್ಲಿ ನಿಂತು ಬಾಣ ಬಿಟ್ಟ, ಇದು ಯಾರಿಗೆ ಗೊತ್ತಿಲ್ಲ? ನಾಲ್ಕೈದು ಕೂಟ ಕೇಳಿದ ಮೇಲೆ ಕಿವಿ ಬೇರೆ ಕಡೆ ಹೋಯಿತು. ಬಿದ್ದಿರುವ ವಾಲಿ ಕೇಳುವ ಒಂದೊಂದು ಪ್ರಶ್ನೆಗೂ ರಾಮ ಇವತ್ತು ಹೇಗೆ ಉತ್ತರ ಕೊಡುತ್ತಾನೆ, ಭಾಗವತರ ಪದದ ಎಳೆಯನ್ನು ಎಲ್ಲಿಗೆ ಒಯ್ಯುತ್ತಾನೆ, ಎಲ್ಲಿ ಸುಮ್ಮನಾಗುತ್ತಾನೆ ಅಂತ ಕಾಯತೊಡಗಿದೆ. ಕಥೆ ಅದೇ. ಬದಲಾದದ್ದು ಕೇಳುತ್ತಿದ್ದ ನಾನು.

ಹಾಗಾದರೆ ಓದದವರ ಗತಿ ಏನು? ಈ ಪ್ರಶ್ನೆಗೆ ಕನ್ನಡದಲ್ಲೇ ಒಂದು ಉತ್ತರ ಇದೆ, ಅದೂ ಅಭಿನವಗುಪ್ತನಿಗಿಂತ ಹಳೆಯದು. ಸುಮಾರು 850ರ ಕವಿರಾಜಮಾರ್ಗ ಕನ್ನಡ ನಾಡಿನವರನ್ನು ‘ಕುರಿತೋದದೆಯುಂ ಕಾವ್ಯಪ್ರಯೋಗ ಪರಿಣತಮತಿಗಳ್’ ಅನ್ನುತ್ತದೆ. ಅಂದರೆ, ಇದಕ್ಕೆಂದೇ ಕೂತು ಓದದಿದ್ದರೂ ಕಾವ್ಯದ ಬಳಕೆಯಲ್ಲಿ ಪಳಗಿದವರು. ಈ ಸಾಲನ್ನು ನಾವು ಬರೀ ಹೆಮ್ಮೆಗೆ ಹೇಳಿಕೊಳ್ಳುವುದೇ ಜಾಸ್ತಿ. ಅದೇ ಪದ್ಯದ ಇನ್ನೊಂದು ಮಾತು ನೋಡಿ: ‘ನುಡಿದುದನರಿದಾರಯಲುಂ’ ಬಲ್ಲವರಂತೆ. ಹೇಳಿದ್ದನ್ನು ತಿಳಿದು, ತೂಗಿ ನೋಡುವವರು. ಓದು ಇಲ್ಲದಿರಬಹುದು, ಕಿವಿಯಂತೂ ಸುಮ್ನೆ ಕೂತಿರಲಿಲ್ಲ ಅಲ್ವಾ? ಪದ್ಯ ‘ನಿಜದಿಂ’, ಅಂದರೆ ಸಹಜವಾಗಿ, ಅನ್ನುತ್ತದೆ ನಿಜ. ಆದರೆ ಆ ಸಹಜತೆಯ ಹಿಂದೆ ಎಷ್ಟು ಹಾಡು, ಎಷ್ಟು ಮಾತು ಕೇಳಿದ ಅಭ್ಯಾಸ ಇರಬೇಕು ಅಂತ ನನಗನಿಸುತ್ತದೆ.

ಒಂದೇ ಕಡೆ ಉಜ್ಜಿದರೆ ಕನ್ನಡಿ ಅಲ್ಲಷ್ಟೇ ಹೊಳೆಯುತ್ತದೆ. ತಾಳಮದ್ದಲೆಗೆ ಪಳಗಿದ ನನ್ನ ಕಿವಿಗೆ ಹಿಂದೂಸ್ತಾನಿ ಸಂಗೀತದ ವಿಳಂಬಿತ ಖಯಾಲ್, ಅಂದರೆ ನಿಧಾನಗತಿಯ ಗಾಯನ, ಹಿಡಿಸುತ್ತಿರಲಿಲ್ಲ. ಧಾರವಾಡದ ಗೆಳೆಯ ಕಣ್ಣು ಮುಚ್ಚಿ ತಲೆದೂಗುವಾಗ ನನಗೆ ಬರೀ ಎಳೆದಾಟ ಕೇಳಿಸುತ್ತಿತ್ತು. ಅವನು ಪಕ್ಕದಲ್ಲಿ ಕೂತು, ತಬಲಾದ ತಾಳದ ಒಂದು ಸುತ್ತು ಮುಗಿದು ಸಮ್ (ಮುಂದಿನ ಸುತ್ತಿನ ಮೊದಲ ಪೆಟ್ಟು) ಬರುವ ಜಾಗವನ್ನು ತೊಡೆ ತಟ್ಟಿ ತೋರಿಸಿದ. ಈಗ ದಿನಕ್ಕೊಂದು ಕೇಳುತ್ತಿದ್ದೇನೆ. ಹೋದ ವಾರ ಮೊದಲ ಸಲ, ಅವನು ತಟ್ಟುವ ಮುಂಚೆಯೇ ನನ್ನ ಕೈ ತೊಡೆಗೆ ಬಿದ್ದಿತ್ತು.