ಎಡ್ಜಿಂಗ್: ಹುಲ್ಲುಹಾಸಿನ ಅಂಚು ಕಡಿಯುವುದು

ಹುಲ್ಲುಹಾಸು ಮುಗಿದು ಹೂವಿನ ಪಾತಿಯೋ ಕಾಲುದಾರಿಯೋ ಶುರುವಾಗುವಲ್ಲಿ ಮಣ್ಣನ್ನು ನೆಟ್ಟಗೆ ಕೆಳಕ್ಕೆ ಕಡಿದು ಅಂಚು ತೆಗೆಯುವುದಕ್ಕೆ ಎಡ್ಜಿಂಗ್ ಎನ್ನುತ್ತಾರೆ. ಟ್ರಿಮ್ಮಿಂಗ್ ಬೇರೆ. ಅದರಲ್ಲಿ ಅಂಚಿನಾಚೆ ಜೋತುಬಿದ್ದ ಎಲೆ ಮಾತ್ರ ಹೋಗುತ್ತದೆ, ಎಡ್ಜಿಂಗ್‌ನಲ್ಲಿ ಹುಲ್ಲಿನ ಬೇರು ಕೂಡ ತುಂಡಾಗುತ್ತದೆ. ಚಳಿ ಸೀಮೆಗಳಲ್ಲಿ ಹೆಚ್ಚಾಗಿ ಬೆಳೆಸುವ ಕೆಂಟಕಿ ಬ್ಲೂಗ್ರಾಸ್ ಮಣ್ಣಿನೊಳಗೆ ಅಡ್ಡಕಾಂಡ ಚಾಚಿಕೊಂಡು ಹಬ್ಬುತ್ತದೆ. ಪಾತಿಯ ಕಡೆ 3ರಿಂದ 4 ಇಂಚು ಆಳದ ಸಣ್ಣ ಕಾಲುವೆ ಇದ್ದರೆ ಆ ಕಾಂಡದ ತುದಿ ಗಾಳಿಗೆ ಬಂದು ಒಣಗುತ್ತದೆ. ತಡೆಗೋಡೆ ಅಂತ ಬೇರೇನೂ ಬೇಕಿಲ್ಲ, ಖಾಲಿ ಜಾಗವೇ ತಡೆ.

ವಸಂತದ ಆರಂಭ ಇದಕ್ಕೆ ಒಳ್ಳೆಯ ಕಾಲ. ಮಣ್ಣು ಮೆತ್ತಗಿರುತ್ತದೆ, ಪಾತಿಯ ಗಿಡಗಳು ಇನ್ನೂ ಎದ್ದು ಅಡ್ಡಬಂದಿರುವುದಿಲ್ಲ. ಆದರೆ ಹಿಮ ಕರಗಿದ ಮರುದಿನವೇ ಇಳಿದರೆ ಕೆಲಸ ಕೆಡುತ್ತದೆ. ಮೇಲಿನ ಎರಡು ಇಂಚು ಸಡಿಲವಾದರೂ ಕೆಳಗಿನ ಪದರ ಹೆಪ್ಪುಗಟ್ಟಿಯೇ ಇರುತ್ತದೆ. ಕರಗಿದ ನೀರಿಗೆ ಇಂಗಲು ದಾರಿಯಿಲ್ಲ. ಆ ಕೆಸರಿನ ಮೇಲೆ ನಡೆದರೆ ಮಣ್ಣು ಗಟ್ಟಿಯಾಗುತ್ತದೆ, ಕಡಿದ ಅಂಚು ಜಾರಿ ಕುಸಿಯುತ್ತದೆ. ಸನಿಕೆ 6 ಇಂಚು ಸಲೀಸಾಗಿ ಇಳಿಯಬೇಕು. ಹಿಡಿ ಮಣ್ಣನ್ನು ಉಂಡೆ ಕಟ್ಟಿ ಬೆರಳಿನಿಂದ ತಟ್ಟಿದರೆ ಒಡೆಯಬೇಕು. ಅಂಟಂಟಾಗಿದ್ದರೆ ಇನ್ನೂ ಕೆಲವು ದಿನ ಕಾಯುವುದೇ ಸರಿ.

ನೇರ ಅಂಚಿಗೆ ಎರಡು ಗೂಟ ಹೊಡೆದು ದಾರ ಬಿಗಿಯಿರಿ. ಬಳುಕಿನ ಅಂಚಿಗೆ ನೀರಿನ ಪೈಪ್ ಹಾಸಿ ಗುರುತು ಮಾಡಬಹುದು. ಚಳಿಗೆ ಸೆಟೆದ ಪೈಪು ಹೇಳಿದಂತೆ ಬಾಗುವುದಿಲ್ಲ, ಒಂದಿಷ್ಟು ಹೊತ್ತು ಬಿಸಿಲಿಗೆ ಬಿಟ್ಟರೆ ದಾರಿಗೆ ಬರುತ್ತದೆ. ಹುಲ್ಲಿನ ಮೇಲೆ ಹಲಗೆ ಹಾಕಿ ಅದರ ಮೇಲೆ ನಿಂತು ಕೆಲಸ ಮಾಡಿದರೆ ಭಾರ ಒಂದೇ ಕಡೆ ಬೀಳದು. ಉಪಕರಣ ಅರ್ಧಚಂದ್ರದ ಅಲಗಿನ ಎಡ್ಜರ್, ಇಲ್ಲವೇ ಚಪ್ಪಟೆ ಅಲಗಿನ ಸನಿಕೆ. ಮೊದಲು ಅರ ಹಾಕಿ ಹರಿತ ಮಾಡಿಕೊಳ್ಳಿ, ಮೊಂಡ ಅಲಗು ಬೇರನ್ನು ಕಡಿಯುವ ಬದಲು ಹರಿಯುತ್ತದೆ. ಅಲಗನ್ನು ನೆಟ್ಟಗೆ ನಿಲ್ಲಿಸಿ, ಕಾಲಿಂದ ತುಳಿದು, ಹಿಡಿಯನ್ನು ಎಡಕ್ಕೂ ಬಲಕ್ಕೂ ತುಸು ಅಲ್ಲಾಡಿಸಿ ಎತ್ತಿ. ಮುಂದಿನ ಏಟು ಹಿಂದಿನ ಕಡಿತದ ಮೇಲೆ ಒಂದಿಂಚು ಏರಿ ಬೀಳಲಿ. ನಡುವೆ ಬಿಟ್ಟುಹೋದ ಬೇರಿನ ಎಳೆಗಳೇ ಆಮೇಲೆ ಹುಲ್ಲುಸಮೇತ ಮಣ್ಣಿನ ಹೆಂಟೆ ಎತ್ತುವಾಗ ಅಂಚನ್ನು ಕಿತ್ತುತರುವುದು. ಹುಲ್ಲಿನ ಕಡೆ ಗೋಡೆ ನೆಟ್ಟಗೆ, ಪಾತಿಯ ಕಡೆ ಇಳಿಜಾರು. ಕಿತ್ತ ಹೆಂಟೆಗಳನ್ನು ಬೇರು ಮೇಲಾಗಿ ಗೊಬ್ಬರದ ಗುಂಡಿಗೆ ಹಾಕಿ.

ಸಾಮಾನ್ಯ ತಪ್ಪು ಪ್ರತಿವರ್ಷ ಒಂದೊಂದಿಂಚು ಹುಲ್ಲಿನ ಕಡೆಗೆ ಸರಿಯುವುದು. ಹೀಗೆ ಪಾತಿ ಸದ್ದಿಲ್ಲದೆ ಹಿಗ್ಗುತ್ತದೆ. ಕಾಲುವೆಗೆ ಮಲ್ಚ್ (ಪಾತಿಯ ಮಣ್ಣಿಗೆ ಹಾಸುವ ಹೊದಿಕೆ) ತುಂಬುವುದು ಇನ್ನೊಂದು, ಹುಲ್ಲಿಗೆ ಸೇತುವೆ ಕಟ್ಟಿಕೊಟ್ಟಂತೆ. ತೋಟದ ದೀಪದ ವೈರು, ಹನಿ ನೀರಾವರಿ ಪೈಪು ಮೇಲುಮೇಲೇ ಹೂತಿದ್ದರೆ ಮೊದಲೇ ಗುರುತಿಸಿ. ಪ್ಲಾಸ್ಟಿಕ್ ಪಟ್ಟಿ ಹೂತ ಕಡೆ ಹೆಪ್ಪುಗಟ್ಟಿದ ಮಣ್ಣು ಉಬ್ಬಿ ಅದನ್ನು ಮೇಲೆತ್ತಿರಬಹುದು; ಮಣ್ಣಿನ ಹೆಪ್ಪು ಪೂರ್ತಿ ಕರಗಿದ ಮೇಲೆ ಮತ್ತೆ ತಟ್ಟಿ ಕೂರಿಸಿ.

ಅಂಚು ಎಲ್ಲಾದರೂ ಮುರಿದುಬಿದ್ದಿದ್ದರೆ ಅಲ್ಲಿ ಒಂದು ಅಡಿ ಚೌಕದ ಹೆಂಟೆ ಎಬ್ಬಿಸಿ, ಮುರಿದ ಬದಿ ಹುಲ್ಲಿನ ಒಳಗೆ ಬರುವಂತೆ ತಿರುಗಿಸಿ ಕೂರಿಸಿ. ಗಟ್ಟಿ ಬದಿ ಅಂಚಾಗುತ್ತದೆ. ಒಳಗಿನ ಹಳ್ಳಕ್ಕೆ ಮಣ್ಣು ತುಂಬಿ ಬೀಜ ಉದುರಿಸಿದರೆ ಸಾಕು.