ಸಮೋವಾದ ಗೋಡೆಯಿಲ್ಲದ ಮನೆಗೆ ಗೋಡೆ ಬಂದದ್ದು

ಪೆಸಿಫಿಕ್ ಸಾಗರದ ಸಮೋವಾ ದ್ವೀಪಗಳಲ್ಲಿ ಮನೆಗೆ ‘ಫಾಲೆ’ ಅನ್ನುತ್ತಾರೆ. ಹಳೇ ಪದ್ಧತಿಯ ಫಾಲೆಯೆಂದರೆ ಕಲ್ಲಿನ ಎತ್ತರದ ಜಗಲಿ, ಅದರ ಅಂಚಿಗೆ ಸಾಲುಗಂಬ, ಮೇಲೆ ಗುಮ್ಮಟದಂತೆ ಬಾಗಿದ ಸೋಗೆಯ ಮಾಡು. ಗೋಡೆಯಿಲ್ಲ, ಬಾಗಿಲೂ ಇಲ್ಲ. ಇರಚಲು ಹೊಡೆದರೆ ತೆಂಗಿನ ಗರಿಯ ತಟ್ಟಿ ಇಳಿಬಿಟ್ಟರಾಯಿತು. ಈಗ ಅಲ್ಲಿನ ಹಳ್ಳಿಗಳಲ್ಲಿ ಕಾಣುವುದು ಹೆಚ್ಚಾಗಿ ತಗಡಿನ ಮಾಡು, ಸಿಮೆಂಟಿನ ಗೋಡೆ. ಹಳೇ ಮನೆಗಳು ಹೋದದ್ದು ಚಂಡಮಾರುತಕ್ಕೆ ಸಿಕ್ಕಿ ಎನ್ನುವವರಿದ್ದಾರೆ. ಅದು ಅರ್ಧ ಮಾತ್ರ ನಿಜ.

ಫಾಲೆಗೆ ಮೊಳೆ ಬಳಸುತ್ತಿರಲಿಲ್ಲ. ಕಂಬ, ತೊಲೆ, ಹಲಸಿನ ಜಾತಿಗೇ ಸೇರಿದ ಬ್ರೆಡ್‌ಫ್ರೂಟ್ ಮರದ ಬಾಗು ಪಕ್ಕೆಗಳು, ಎಲ್ಲವನ್ನೂ ಕಟ್ಟುತ್ತಿದ್ದುದು ‘ಅಫಾ’ ಎಂಬ ತೆಂಗಿನ ನಾರಿನ ಹುರಿಯಿಂದ. ಸಿಪ್ಪೆಯನ್ನು ನೀರಲ್ಲಿ ನೆನೆಹಾಕಿ, ಬಡಿದು, ನಾರು ಬಿಡಿಸಿ, ತೊಡೆಯ ಮೇಲೆ ಹೊಸೆದು ಜಡೆಯಂತೆ ಹೆಣೆಯಬೇಕು. ಹರಟೆ ಹೊಡೆಯುತ್ತ ಕೂತ ಹಿರಿಯರ ಕೈಕೆಲಸ ಅದು. ಒಂದು ಮನೆಗೆ ಇಂಥ ಹುರಿ ಸಾವಿರಾರು ಅಡಿ ಬೇಕು. ಕಟ್ಟು ಬಿಚ್ಚಿದರೆ ಮಾಡನ್ನೇ ಭಾಗ ಮಾಡಿ ಇನ್ನೊಂದೂರಿಗೆ ಸಾಗಿಸಬಹುದಿತ್ತು.

ಕಟ್ಟುವವರು ‘ತುಫುಂಗಾ’ಗಳು, ಊರಲ್ಲಿ ಮರ್ಯಾದೆಯುಳ್ಳ ಕುಶಲಕರ್ಮಿಗಳು. ದಿನಗೂಲಿಯ ಮಾತೇ ಇಲ್ಲ. ಕೆಲಸ ನಡೆಯುವಷ್ಟು ದಿನ ಅವರ ಊಟೋಪಚಾರ ಮನೆಯವರದು, ಹಂತಹಂತಕ್ಕೆ ನಯವಾದ ಚಾಪೆಗಳ ಕಾಣಿಕೆ. ಉಪಚಾರ ಸಾಲದೆನಿಸಿದರೆ ಅರ್ಧಕ್ಕೇ ಎದ್ದು ಹೋಗುತ್ತಿದ್ದರು. ಅವರು ಬಿಟ್ಟ ಮನೆಯನ್ನು ಬೇರೆ ತುಫುಂಗಾ ಮುಟ್ಟುತ್ತಿರಲಿಲ್ಲ ಎಂದು 19ನೇ ಶತಮಾನದಲ್ಲಿ ಅಲ್ಲಿದ್ದ ಮಿಷನರಿ ಜಾರ್ಜ್ ಟರ್ನರ್ ಬರೆದಿಟ್ಟಿದ್ದಾರೆ. ಕಬ್ಬಿನ ಸೋಗೆ ಚೆನ್ನಾಗಿ ಹೊದಿಸಿದರೆ ಏಳು ವರ್ಷ ಬಾಳುತ್ತದೆ ಎಂಬ ಲೆಕ್ಕವೂ ಅವರದೇ. ಅಂದರೆ ಮನೆಯೆಂಬುದು ಒಮ್ಮೆ ಕಟ್ಟಿ ಮುಗಿಯುವ ಬಾಬತ್ತಲ್ಲ. ಕೈಗಳೂ ಬಿಡುವೂ ಇರುವ ದೊಡ್ಡ ಕುಟುಂಬವಿದ್ದರೆ ಮಾತ್ರ ಅದು ನಿಲ್ಲುತ್ತದೆ.

ಪೆಟ್ಟು ಬಿದ್ದದ್ದು ಅಲ್ಲಿಗೇ. ದ್ವೀಪಗಳ ಪಶ್ಚಿಮ ಭಾಗವನ್ನು 1900ರಿಂದ ಜರ್ಮನಿ, 1914ರಿಂದ ನ್ಯೂಜಿಲೆಂಡ್ ಆಳಿದವು. ಮೊಳೆ, ತಗಡು, ಸಿಮೆಂಟು ಅಂಗಡಿಗೆ ಬಂದವು. 1962ರಲ್ಲಿ ಸ್ವಾತಂತ್ರ್ಯ ಬಂದ ಮೇಲೆ ದುಡಿಮೆಗೆಂದು ಆಕ್ಲೆಂಡಿಗೆ ಹೋದವರು ಊರಿಗೆ ಹಣ ಕಳಿಸತೊಡಗಿದರು. ಹುರಿ ಹೊಸೆಯುವ ಕೈಗಳು ಕಡಿಮೆಯಾದವು, ತಗಡು ಕೊಳ್ಳುವ ಕಾಸು ಹೆಚ್ಚಾಯಿತು. ಅದರ ಮೇಲೆ 1990ರ ಫೆಬ್ರುವರಿಯಲ್ಲಿ ‘ಓಫಾ’, 1991ರ ಡಿಸೆಂಬರಿನಲ್ಲಿ ‘ವಾಲ್’ ಚಂಡಮಾರುತಗಳು ಎರಗಿದವು. ಬಿದ್ದ ಮನೆಗಳ ಜಾಗದಲ್ಲಿ ಎದ್ದವು ಬಹುಪಾಲು ಗೋಡೆಯ ಮನೆಗಳು. ಚಂಡಮಾರುತ ಅಲ್ಲಿಗೆ ಹೊಸದೇನಲ್ಲ. ಬಿದ್ದದ್ದನ್ನು ಹಿಂದಿನಂತೆಯೇ ಎತ್ತಿ ಕಟ್ಟುವ ವ್ಯವಸ್ಥೆ ಆ ಹೊತ್ತಿಗೆ ಸಡಿಲವಾಗಿತ್ತು, ಅಷ್ಟೇ.

ಸೋಗೆ ಹೋದರೂ ಕಂಬದ ಲೆಕ್ಕ ಹೋಗಲಿಲ್ಲ. ‘ಫಾಲೆ ತೆಲೆ’ ಎಂಬ ದುಂಡನೆಯ ಸಭಾಮನೆಯಲ್ಲಿ ಯಾರು ಯಾವ ಕಂಬಕ್ಕೆ ಒರಗಬೇಕೆಂಬುದು ಗೊತ್ತುಪಡಿಸಿದ್ದು. ಎರಡು ತುದಿಗಳ ಕಂಬಗಳು ಹಿರಿಯ ನಾಯಕರಿಗೆ, ಮುಂದಿನ ಸಾಲಿನ ನಡುಗಂಬಗಳು ಮಾತುಗಾರ ನಾಯಕರಿಗೆ, ಹಿಂದಿನವು ‘ಅವಾ’ ಪಾನೀಯ ಕಲಸುವವರಿಗೆ. ಹೊರಗಿನವನು ತಿಳಿಯದೆ ತುದಿಗಂಬಕ್ಕೆ ಒರಗಿದನೋ, ಸಭೆಗೇ ಇರಿಸುಮುರಿಸು. ಅದಕ್ಕೇ ಎಷ್ಟೋ ಕುಟುಂಬಗಳು ಮಲಗಲು ಗೋಡೆಯ ಮನೆ ಕಟ್ಟಿಕೊಂಡರೂ ಅದರ ಮುಂದೆ ತೆರೆದ ಫಾಲೆಯೊಂದನ್ನು ಇಟ್ಟುಕೊಂಡಿವೆ. ಮಾಡು ತಗಡಿನದು, ಕಂಬ ಕಾಂಕ್ರೀಟಿನವು. ಕೂರುವ ಕ್ರಮ ಮಾತ್ರ ಹಳೆಯದೇ.