ಒಂಬತ್ತು ಕೇಸ್ ಇದ್ದವನೆಲ್ಲ ‘ಚಾಳಿಬಿದ್ದ ಅಪರಾಧಿ’ ಅಲ್ಲ

‘ಈತ ಚಾಳಿಬಿದ್ದ ಅಪರಾಧಿ, ಇವನ ಮೇಲೆ ಒಂಬತ್ತು ಕೇಸ್ ಇವೆ, ಈ ಸಲ ಶಿಕ್ಷೆ ಡಬಲ್.’ ಈ ಧಾಟಿಯ ಸುದ್ದಿ ಓದಿ ಓದಿ ಸಾಕಾಗಿದೆ. ಒಂಬತ್ತರಲ್ಲಿ ಎಷ್ಟು ಕೇಸಲ್ಲಿ ಶಿಕ್ಷೆಯಾಗಿದೆ? ಕೊನೆಯ ಸಾಲಿನವರೆಗೆ ಹುಡುಕಿದರೂ ಉತ್ತರ ಇರುವುದಿಲ್ಲ. ಕಾನೂನಿಗೆ ಬೇಕಿರುವ ಲೆಕ್ಕ ಅದೊಂದೇ.

ಅರ್ಧ ಗೊಂದಲ ‘ಚಾಳಿ’ ಅನ್ನುವ ಪದದಲ್ಲೇ ಇದೆ. ಒಳ್ಳೆಯದಕ್ಕೆ ಯಾರೂ ಚಾಳಿ ಅನ್ನುವುದಿಲ್ಲ. ಬೇಗ ಏಳುವುದು ಅಭ್ಯಾಸ, ಸುಳ್ಳು ಹೇಳುವುದು ಚಾಳಿ. ‘ಹಳೇ ಚಾಳಿ ಬಿಟ್ಟಿಲ್ಲ’ ಅಂದಕೂಡಲೇ ಆ ಮನುಷ್ಯನ ಗುಣದ ಬಗ್ಗೆ ತೀರ್ಪು ಕೊಟ್ಟು ಮುಗಿಸಿರುತ್ತೇವೆ. ಆಮೇಲೆ ಸಾಕ್ಷಿ ಯಾರಿಗೆ ಬೇಕು, ಅಲ್ವಾ? ಈ ಮಾತಿಗೆ ಕೆಟ್ಟ ಚರಿತ್ರೆಯೂ ಇದೆ. 1871ರ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆ ಇಡೀ ಸಮುದಾಯಗಳಿಗೇ ಹುಟ್ಟುಕಳ್ಳರೆಂಬ ಹಣೆಪಟ್ಟಿ ಹಚ್ಚಿತ್ತು. 1952ರಲ್ಲಿ ಅದು ರದ್ದಾಯಿತು. ಅದರ ಜಾಗಕ್ಕೆ ಹಲವು ರಾಜ್ಯಗಳು ತಂದದ್ದೇ ಚಾಳಿಬಿದ್ದ ಅಪರಾಧಿಗಳ ಕಾಯ್ದೆ. ಹಣೆಪಟ್ಟಿ ಹೋಯಿತು, ಅದರ ವಾಸನೆ ಉಳಿಯಿತು.

ಇನ್ನು ಜಾಸ್ತಿ ಶಿಕ್ಷೆ ಕೊಡುವ ಕಲಂ. ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದು 13, ಹಳೇ ಐಪಿಸಿಯಲ್ಲಿ 75. ಗುಣ, ಚಾಳಿ ಅಂತ ಒಂದು ಮಾತೂ ಅದರಲ್ಲಿಲ್ಲ. ಮೂರು ವರ್ಷ ಅಥವಾ ಜಾಸ್ತಿ ಜೈಲು ಇರುವ ಅಪರಾಧದಲ್ಲಿ ‘ಅಪರಾಧಿ’ ಅಂತ ಭಾರತದ ಕೋರ್ಟೊಂದು ಮೊದಲೇ ತೀರ್ಪು ಕೊಟ್ಟಿರಬೇಕು. ಆ ತೀರ್ಪಿನ ನಂತರ ಅಷ್ಟೇ ತೂಕದ ಇನ್ನೊಂದನ್ನು ಮಾಡಿರಬೇಕು. ಆಗ ಹತ್ತು ವರ್ಷದವರೆಗೆ ಜೈಲು ಇಲ್ಲವೇ ಜೀವಾವಧಿ. ಅದೂ ಎರಡೇ ಅಧ್ಯಾಯಕ್ಕೆ: ನಾಣ್ಯ, ನೋಟು, ಸ್ಟಾಂಪಿನ ಅಪರಾಧಗಳು ಒಂದು, ಕಳವು, ದರೋಡೆ, ವಂಚನೆಯಂಥ ಆಸ್ತಿ ಅಪರಾಧಗಳು ಇನ್ನೊಂದು. ಬರೀ ಹೊಡೆದಾಟದಲ್ಲೇ ಹೆಸರು ಮಾಡಿದ ರೌಡಿ ಶೀಟರ್‌ಗೆ ಈ ಕಲಂ ತಗಲುವುದೇ ಇಲ್ಲ. ಅಂದಹಾಗೆ ರೌಡಿ ಶೀಟ್ ತೆರೆಯುವುದು ಪೊಲೀಸರು, ಕೋರ್ಟ್ ಅಲ್ಲ.

ಜನ ಎಡವುವುದು ‘ನಂತರ’ ಅನ್ನುವಲ್ಲಿ. ಒಬ್ಬ ಜನವರಿಯಿಂದ ಮೇವರೆಗೆ ತಿಂಗಳಿಗೊಂದು ಬೈಕ್ ಕದ್ದ ಅಂದುಕೊಳ್ಳಿ. ಜೂನ್‌ನಲ್ಲಿ ಸಿಕ್ಕಿಬಿದ್ದ. ಎರಡು ವರ್ಷದ ಮೇಲೆ ಐದೂ ಕೇಸಲ್ಲಿ ಅಪರಾಧಿ ಅಂತ ತೀರ್ಪಾಯಿತು. 13ನೇ ಕಲಮಿನ ಕಣ್ಣಿಗೆ ಐದನೇ ಬೈಕೂ ಮೊದಲನೆಯದೇ, ಯಾಕೆಂದರೆ ಅದನ್ನು ಕದಿಯುವ ದಿನ ಅವನ ಹೆಸರಲ್ಲಿ ಒಂದೂ ತೀರ್ಪಿರಲಿಲ್ಲ. ಜೈಲಿಂದ ಬಂದು ಆರನೆಯದಕ್ಕೆ ಕೈ ಹಾಕಿದರೆ ಕಥೆ ಬೇರೆ. ಹಳೇ ತೀರ್ಪು ಮೇಲ್ಮನವಿಯಲ್ಲಿ ಬಿದ್ದುಹೋದರೆ ಅದು ಲೆಕ್ಕಕ್ಕಿಲ್ಲ.

‘ಡಬಲ್’ ಎಲ್ಲಿಂದ ಬಂತೋ ಗೊತ್ತಿಲ್ಲ. 13ನೇ ಕಲಂ ಬಿಟ್ಟು, ಅದೇ ಸಂಹಿತೆಯ ಕಳವಿನ 303ನೇ ಕಲಮಿನಲ್ಲಿ ಮೊದಲ ಸಲ ಮೂರು ವರ್ಷದವರೆಗೆ ಜೈಲು. ಎರಡನೇ ಸಲ ಅಪರಾಧಿ ಅಂತಾದರೆ ಕನಿಷ್ಠ ಒಂದು, ಗರಿಷ್ಠ ಐದು. ಹೆಣ್ಣುಮಕ್ಕಳನ್ನು ಹಿಂಬಾಲಿಸಿ ಕಾಡುವವರಿಗೂ ಗರಿಷ್ಠ ಮೂರು ಇದ್ದದ್ದು ಐದಾಗುತ್ತದೆ. ಮಾದಕ ವಸ್ತು ಕಾಯ್ದೆಯಲ್ಲಿ ಜೈಲಿನ ಮಿತಿ ಏರುವುದು ಒಂದೂವರೆ ಪಟ್ಟು.

ಸೆಷನ್ಸ್ ಕೋರ್ಟಿನಲ್ಲಿ ಇನ್ನೊಂದು ಎಚ್ಚರಿಕೆ ಇದೆ. ಜಾಸ್ತಿ ಶಿಕ್ಷೆ ಬೇಕಿದ್ದರೆ ಹಳೇ ತೀರ್ಪಿನ ವಿಷಯ, ತಾರೀಖು, ಸ್ಥಳ ದೋಷಾರೋಪದಲ್ಲಿ ಬರೆದಿರಬೇಕು. ಆದರೆ ಆ ಭಾಗವನ್ನು ನ್ಯಾಯಾಧೀಶರು ಓದಿ ಹೇಳುವುದಿಲ್ಲ. ಈಗಿನ ಕೇಸಲ್ಲಿ ಅಪರಾಧಿ ಅಂತ ತೀರ್ಪಾದ ಮೇಲಷ್ಟೇ ಅದರ ಮಾತು. ಆಗ ಆತ ‘ಅದು ನಾನಲ್ಲ’ ಅಂದರೆ ಹಳೇ ತೀರ್ಪಿನ ದೃಢೀಕೃತ ಪ್ರತಿಯಂಥ ದಾಖಲೆ ತರಬೇಕು, ಅದರಲ್ಲಿರುವವನು ಇವನೇ ಅಂತಲೂ ಸಾಬೀತು ಮಾಡಬೇಕು. ಹೆಸರು ಹೊಂದಿದರೆ ಸಾಲದು. ಠಾಣೆಯ ಒಂಬತ್ತು ಕೇಸಿನ ಪಟ್ಟಿಗಂತೂ ಅಲ್ಲಿ ಕೆಲಸವೇ ಇಲ್ಲ.